ತೂಕ ಎಷ್ಟು, ರೇಟು ಎಷ್ಟು?

ನಮ್ಮ ಕೋಲಾರ ಜಿಲ್ಲೆಯ ಲಕ್ಕೂರು ಕಡೆಯವರಿಗೆ ಪ್ರಾಣಿ ತೋರಿಸೋದು ಸುಲಭ, ಅವರು ಕೇಳೋದಕ್ಕೆ ಉತ್ತರ ಕೊಡೋದು ಕಷ್ಟ. ಎದುರಿಗೆ ಹುಲಿಯೇ ನಿಂತಿರಲಿ, ಮೊಸಳೆಯೇ ಮಲಗಿರಲಿ, ಪ್ರಶ್ನೆ ಎರಡೇ: ಎಷ್ಟು ತೂಗ್ತದೆ? ಏನು ರೇಟು? ಟೊಮೆಟೊ, ಆಲೂಗಡ್ಡೆ, ಕುರಿ, ಗುಲಾಬಿ ಎಲ್ಲಕ್ಕೂ ಮಂಡಿಯಲ್ಲಿ ತಕ್ಕಡಿ ಕಟ್ಟಿ ಬೆಳೆದ ಕಣ್ಣದು. ಚಪ್ಪಲಿಯನ್ನಾದರೆ ಗೇಟಿನಲ್ಲಿ ಬಿಟ್ಟು ಬರಬಹುದು, ಕಣ್ಣನ್ನು ಬಿಡೋದಕ್ಕಾಗುತ್ತಾ?

ನಮ್ಮ ದೊಡ್ಡಪ್ಪನನ್ನೇ ತಗೊಳ್ಳಿ. ಬೆಂಗಳೂರಿನ ಕಬ್ಬನ್ ಪಾರ್ಕ್ ಪಕ್ಕ, ಕಸ್ತೂರ್‌ಬಾ ರಸ್ತೆಯಲ್ಲಿ 1983ರಲ್ಲಿ ಒಂದು ಅಕ್ವೇರಿಯಂ ಶುರುವಾಯಿತಲ್ಲ, ಅಲ್ಲಿಗೆ ಒಮ್ಮೆ ಹೋಗಿದ್ದರು. ಎಲ್ಲರೂ ಮೀನು ನೋಡುತ್ತಿದ್ದರೆ ಇವರು ನೀರು ನೋಡುತ್ತಿದ್ದರು. ಸಾವಿರ ಅಡಿ ಬೋರ್ ಕೊರೆಸಿದರೂ ಬರೀ ದೂಳು ಕಂಡವರಿಗೆ ಮೀನು ಕಾಣೋದು ಆಮೇಲೆ. 2018ರಲ್ಲಿ ಬೆಂಗಳೂರಿನ ಕೊಳಚೆಯನ್ನು ಶುದ್ಧಿ ಮಾಡಿ ಕೋಲಾರದ ಕೆರೆಗಳಿಗೆ ಬಿಟ್ಟಾಗಲೂ ಅವರಿಗೆ ನೆನಪಾದದ್ದು ಅದೇ ಅಕ್ವೇರಿಯಂ. ‘ಅವರ ಮೀನಿಗೆ ಗಾಜಿನಂಥ ನೀರು, ನಮಗೆ ಮಾತ್ರ ಸ್ನಾನ ಮಾಡಿ ಬಿಟ್ಟದ್ದು’ ಅಂದರು.

ಮೈಸೂರಿನ ಝೂಗೂ ಹೋಗಿದ್ದಾಯಿತು. ಚಾಮರಾಜೇಂದ್ರ ಒಡೆಯರು 1892ರಲ್ಲಿ ಶುರು ಮಾಡಿದ್ದು ಅಂತ ಹೇಳಿದರೆ ದೊಡ್ಡಪ್ಪ ಕೈ ಮುಗಿದರು. ಜಿರಾಫೆ ಹಾಲು ಕರೆಯೋದಿಲ್ಲ, ಗಾಡಿಗೂ ಕಟ್ಟೋದಿಲ್ಲ ಅಂತ ಗೊತ್ತಾದ ಮೇಲೆ ಆ ಭಕ್ತಿ ಸ್ವಲ್ಪ ಇಳಿಯಿತು.

ಎಮು ಹಕ್ಕಿಯ ಮುಂದೆ ಮಾತ್ರ ಅವರು ರೇಟು ಕೇಳಲಿಲ್ಲ. ಬಾಯಿಪಾಠ ಇತ್ತು.

ಒಂದು ಕಾಲದಲ್ಲಿ ಹೊಸೂರಿನ ಆಚೆಯಿಂದ ಬಂದವರೆಲ್ಲ ಎಮು ಮಾತೇ ಆಡುತ್ತಿದ್ದರು. ತಮಿಳುನಾಡಿನ ಪೆರುಂದುರೈ ಕಂಪನಿಗೆ ಒಂದೂವರೆ ಲಕ್ಷ ಕಟ್ಟಿದರೆ ಆರು ಮರಿ, ಶೆಡ್ಡು, ಮೇವು, ಮೇಲೆ ತಿಂಗಳಿಗೆ ಆರು ಸಾವಿರ. ಸಿನಿಮಾ ನಟರೇ ಟಿವಿಯಲ್ಲಿ ಬಂದು ಹೇಳಿದ ಮೇಲೆ ಇನ್ನೇನು? ಮಾಂಸಕ್ಕೆ ರೇಟು, ಮಂಡಿನೋವಿಗೆ ಎಣ್ಣೆ, ಚರ್ಮಕ್ಕೆ ಬೇರೆ. ದೊಡ್ಡಪ್ಪ ಶೆಡ್ಡಿಗೆ ಜಾಗ ಅಳೆದೂ ಬಿಟ್ಟಿದ್ದರು. ದೊಡ್ಡಮ್ಮ ಬಳೆ ಬಿಚ್ಚಲಿಲ್ಲ. ‘ಹಸಿರು ಮೊಟ್ಟೆ ಇಡೋ ಹಕ್ಕಿ ನಂಬಿ ಬಂಗಾರ ಕೊಡ್ತಾರೇನ್ರೀ?’ ಅಂದರಂತೆ. 2012ರಲ್ಲಿ ಆ ಕಂಪನಿ ಬಾಗಿಲು ಹಾಕಿತು. ದುಡ್ಡು ಕಟ್ಟಿದವರು ಪೊಲೀಸ್ ಸ್ಟೇಷನ್ನಿಗೆ ಹೋದರು, ಉಪವಾಸ ಬಿದ್ದ ಎಮುಗಳಿಗೆ ಸರ್ಕಾರ ಮೇವು ಹಾಕಿತು. ಎಣ್ಣೆ, ಚರ್ಮ, ಮಾಂಸ ಎಲ್ಲಕ್ಕೂ ಲೆಕ್ಕ ಬರೆದಿದ್ದರು. ಕೊಳ್ಳುವವನು ಯಾರು ಅನ್ನುವ ಕಡೆ ಮಾತ್ರ ಖಾಲಿ ಬಿಟ್ಟಿದ್ದರು.

ಹಾಗಾಗಿ ಝೂನಲ್ಲಿ ದೊಡ್ಡಪ್ಪ ಎಮುವನ್ನು ನೋಡಿದ್ದು ತಪ್ಪಿಹೋದ ಬೀಗರನ್ನು ಜಾತ್ರೆಯಲ್ಲಿ ಕಂಡ ಹಾಗೆ. ಅದೂ ಆಳೆತ್ತರ ನಿಂತು ತಲೆ ಓರೆ ಮಾಡಿ ಇವರನ್ನೇ ನೋಡಿತು. ಪಕ್ಕದವರು ‘ಆಸ್ಟ್ರಿಚ್, ಆಸ್ಟ್ರಿಚ್’ ಅಂತ ಮಗುವಿಗೆ ತೋರಿಸುತ್ತಿದ್ದರು. ‘ಬೆರಳು ಎಣಿಸಿ ಸ್ವಾಮಿ, ಅದಕ್ಕೆ ಎರಡು, ಇದಕ್ಕೆ ಮೂರು’ ಅಂತ ದೊಡ್ಡಪ್ಪ ತಿದ್ದಿದರು. ಹಾಕದ ದುಡ್ಡಿನಲ್ಲೂ ಇಷ್ಟು ವಿದ್ಯೆ ಬಂದಿತ್ತು!

ಅಷ್ಟರಲ್ಲಿ ಮೊಮ್ಮಗಳು ಮೊಬೈಲ್ ನೋಡಿ ಓದಿದಳು: ಮೊಟ್ಟೆ ಇಟ್ಟು ಹೆಣ್ಣು ಹೊರಟುಹೋಗುತ್ತದೆ, ಕಾವು ಕೂರೋದು ಗಂಡು. ಸುಮಾರು ಎಂಟು ವಾರ ಹೆಚ್ಚುಕಮ್ಮಿ ಉಪವಾಸ. ಮರಿ ಆದಮೇಲೆ ತಿಂಗಳುಗಟ್ಟಲೆ ಸಾಕೋದೂ ಅದೇ.

‘ಇನ್ನೊಂದ್ಸಲ ಓದಮ್ಮಾ,’ ಅಂದರು ದೊಡ್ಡಮ್ಮ, ‘ನಿಮ್ ತಾತಂಗೆ ಕೇಳಿಸ್ಲಿಲ್ಲ.’

ತಾತ ಮಾತು ಮರೆಸಲು ಯುದ್ಧಕ್ಕೆ ಹೋದರು. 1932ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಗೋಧಿ ಹೊಲಕ್ಕೆ ನುಗ್ಗಿದ ಎಮುಗಳ ಮೇಲೆ ಅಲ್ಲಿನ ಸೈನ್ಯ ಎರಡು ಮಷಿನ್ ಗನ್ ತಂದು ಗುಂಡು ಹಾರಿಸಿ, ಹೆಚ್ಚೇನೂ ಹೊಡೆಯಲಾಗದೆ ವಾಪಸ್ ಹೋಗಿದ್ದು ನಿಜ. ದೊಡ್ಡಪ್ಪನಿಗೆ ಅದು ನಗುವ ವಿಷಯವೇ ಅಲ್ಲ. ‘ಮಷಿನ್ ಗನ್ ಕೊಟ್ಟರಂತೆ! ಇಲ್ಲಿ ಆನೆ ಬಂದ್ರೆ ನಮಗೆ ಕೊಡೋದು ಪಟಾಕಿ.’

ವಾಪಸ್ ಬರೋವಾಗ ಬಸ್ಸಿನಲ್ಲಿ ಹುಡುಗರದು ಒಂದೇ ರಗಳೆ, ಆನೆ ಸರಿಯಾಗಿ ನೋಡಲಿಲ್ಲ ಅಂತ. ‘ಆನೆಗ್ಯಾಕ್ರೋ ಟಿಕೆಟ್ಟು?’ ಅಂತ ದೊಡ್ಡಪ್ಪ ಗದರಿದರು. ‘ರಾಗಿ ತೆನೆ ಬಲೀಲಿ. ತಮಿಳುನಾಡು ಕಾಡಿಂದ ಮಾಲೂರು ಗಡಿಗೆ ಅವೇ ಬಂದು ನಿಮ್ಮನ್ನ ನೋಡ್ಕೊಂಡು ಹೋಗ್ತವೆ.’