ಕೆಂಪು ತುಂಬ್ರಿ, ಹಸಿರು ಒತ್ರಿ

ರೋಣದಲ್ಲಿ ಆನ್‌ಲೈನ್ ಅರ್ಜಿ ತುಂಬುವ ಒಂದು ಅಂಗಡಿ ಎಂದುಕೊಳ್ಳಿ. ನರಗುಂದದ ರೈತನೆದುರು ಗಜೇಂದ್ರಗಡದ ಸಾಫ್ಟ್‌ವೇರ್ ಏಜೆಂಟ. “ಕಾಕಾ, ಕೆಂಪು ಖಾನೆ ತುಂಬ್ರಿ, ಹಸಿರು ಬಟನ್ ಒತ್ರಿ.” “ಎರಡೂ ಒಂದ ಥರ ಕಾಣ್ತಾವಲ್ಲೋ ತಮ್ಮಾ!” “ಹಂಗಾರ ಫುಲ್ ವರ್ಷನ್ ತಗೋರಿ. ಬಣ್ಣ ಬದಲಿಸೋದು ಫ್ರೀದಾಗ ಬರಂಗಿಲ್ಲ.” “ಮೆಣಸಿನಕಾಯಿ ಹಸೀದೋ ಒಣಗಿದ್ದೋ ಮುಟ್ಟಿ ಹೇಳ್ತೇನಿ. ಇದನ್ನ ಮುಟ್ಟಿದ್ರ ಅರ್ಜಿನ ಹೋಗಿಬಿಡತೈತಿ!”

ಏಜೆಂಟನ ಮಾತಿನಲ್ಲಿ ಅರ್ಧ ನ್ಯಾಯವಿದೆ: ತಂತ್ರಾಂಶ ಬರೆದವರೂ ಉಣ್ಣಬೇಕು. 1998ರಲ್ಲಿ ಉಚಿತವಾಗಿ ಬಂದ ಕನ್ನಡ ಟೈಪಿಂಗ್ ತಂತ್ರಾಂಶ ‘ಬರಹ’ವೂ ಮುಂದೆ ಬೆಲೆ ಕೇಳಿತು, ತಪ್ಪೇನಿಲ್ಲ. ಪುಟಗಳಿಗೆ ಮಿತಿ ಹಾಕಲಿ, ಮುದ್ರಿಸಿದ ಹಾಳೆಗೆ ಕಂಪನಿಯ ಹೆಸರು ಬಡಿಯಲಿ. ಆದರೆ ಕಣ್ಣಿಗೆ ಕಾಣುವುದೇ ಹೆಚ್ಚುವರಿ ಸೌಲಭ್ಯವಾದರೆ ಉಚಿತ ಎಂದದ್ದು ಯಾರಿಗೆ? “ಕೆಂಪು-ಹಸಿರು ಒಂದ ಥರ ಕಾಣೋರು ಎಷ್ಟ ಮಂದಿ ಇರ್ತಾರ್ರಿ?” ಎಂದಾನು ಏಜೆಂಟ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12ಕ್ಕೆ ಒಬ್ಬರು. ನಮ್ಮಲ್ಲಿ ಅದಕ್ಕಿಂತ ಕಡಿಮೆ, ಆದರೂ ಸಂತೆಯಲ್ಲಿ ಸಿಗುವಷ್ಟಿದ್ದಾರೆ. ಖರ್ಚೋ, ಕೆಂಪಿನ ಪಕ್ಕ ‘ಕಡ್ಡಾಯ’ ಎಂದು ಬರೆಯುವಷ್ಟು. ಬಣ್ಣವೊಂದನ್ನೇ ನೆಚ್ಚಬೇಡಿ, ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಹೊಳಪಿನ ವ್ಯತ್ಯಾಸವಿರಲಿ ಎಂದು ಜಾಲತಾಣಗಳ ಜಾಗತಿಕ ಮಾರ್ಗಸೂಚಿ 2008ರಲ್ಲೇ ಹೇಳಿದೆ. ಇಷ್ಟೆಲ್ಲ ಕೇಳಿ ಏಜೆಂಟ ತಲೆಯಾಡಿಸಿದ: “ಖರೇ ಐತ್ರಿ ಕಾಕಾ. ಆ ‘ಕಡ್ಡಾಯ’ ಅನ್ನೋದನ್ನೂ ಹಾಕಸ್ತೇವಿ, ಪ್ರೀಮಿಯಂದಾಗ.”