ಎರಡು ವರ್ಷದ ಹಳಬರು

ದೇವನಹಳ್ಳಿ ಸುತ್ತಮುತ್ತ ಯಾವ ಲೇಔಟಿಗೆ ಹೋದರೂ ಇವರೊಬ್ಬರು ಇದ್ದೇ ಇರುತ್ತಾರೆ. ಗೃಹಪ್ರವೇಶದ ಮಾವಿನೆಲೆ ತೋರಣ ಬಾಡುವ ಮುಂಚೆಯೇ ಮಂಕಿ ಕ್ಯಾಪ್ ಹಾಕಿಕೊಂಡು ನಿಮ್ಮ ಗೇಟಿನ ಹತ್ತಿರ ಪ್ರತ್ಯಕ್ಷ. 'ಹೊಸಬ್ರಾ?' ಎಂದು ಕೇಳುವ ಧಾಟಿಯಲ್ಲೇ ತಾವು ಹಳಬರು ಎಂದು ರಿಜಿಸ್ಟರ್ ಮಾಡಿಸಿಬಿಡುತ್ತಾರೆ. ರಾಜಾಜಿನಗರ ಬಿಟ್ಟು ಇಲ್ಲಿಗೆ ಬಂದು ಅವರಿಗೆ ಎರಡು ವರ್ಷ.

'ನಾವು ಬಂದಾಗ ಇಲ್ಲಿ ಏನಿತ್ತು ಹೇಳಿ? ಬರೀ ಕಾಡು ಸಾರ್, ಕಾಡು!'

1501ರಲ್ಲಿ ಮಲ್ಲಬೈರೇಗೌಡರು ಮಣ್ಣಿನ ಕೋಟೆ ಕಟ್ಟಿಸಿದ ಊರಿದು. ಟಿಪ್ಪು ಹುಟ್ಟಿದ್ದು ಇಲ್ಲೇ. ಇಲ್ಲಿನ ಚಕ್ಕೋತಕ್ಕೆ ಜಿಐ ಮಾನ್ಯತೆ ಇದೆ, 2008ರಿಂದ ತಲೆಯ ಮೇಲೆ ವಿಮಾನಗಳೂ ಹಾರುತ್ತಿವೆ. ಹಳಬರ ಪಂಚಾಂಗದಲ್ಲಿ ಮಾತ್ರ ಇರುವುದು ಎರಡೇ ಯುಗ: ಅವರ ಗೃಹಪ್ರವೇಶಕ್ಕೆ ಮುಂಚಿನದು, ಆಮೇಲಿನದು.

ಹಾಲು ಕೊಡಲು ಬರುವ ಅಮ್ಮನ ಎದುರಿಗೇ ಒಂದು ದಿನ ಈ ಕಾಡಿನ ಕಥೆ ಶುರುವಾಯಿತು. ಆಕೆ ಕ್ಯಾನಿನ ಮುಚ್ಚಳ ಬಿಗಿ ಮಾಡುತ್ತಾ, 'ಕಾಡೆಲ್ಲಿತ್ತು ಸಾಮಿ? ನಮ್ ರಾಗಿ ಹೊಲ. ನಿಮ್ ಅಡುಗೆಮನೆ ಐತಲ್ಲ, ಅಲ್ಲೇ ಕಣ ಮಾಡ್ತಿದ್ವಿ. ಆಚೆಗೆ ದ್ರಾಕ್ಷಿ ಚಪ್ಪರ' ಅಂದಳು. ಹಳಬರು ಒಂದು ಗಳಿಗೆ ಸುಮ್ಮನಾದರು. ಆಮೇಲೆ ನನ್ನ ಕಡೆ ತಿರುಗಿ, 'ಅದೇ ನಾನೂ ಹೇಳಿದ್ದು. ಮನೆ ಇರ್ಲಿಲ್ಲ' ಎಂದರು. ಇಂಥವರನ್ನು ಸೋಲಿಸುವುದು ಕಷ್ಟ.

ಉಪಕಾರಿ ಮನುಷ್ಯ, ಅದನ್ನು ಇಲ್ಲ ಅನ್ನುವ ಹಾಗಿಲ್ಲ. ಟ್ಯಾಂಕರ್ ನೀರಿನವನ ನಂಬರು, ಪ್ಲಂಬರ್ ನಂಬರು, ಇ-ಖಾತೆಗೆ ಯಾವ ಕಾಗದ ಬೇಕು ಎಂಬುದು, ಎಲ್ಲ ಅವರ ನಾಲಿಗೆ ತುದಿಯಲ್ಲಿ. 'ನನ್ನ ಹೆಸರು ಹೇಳಿ ಸಾಕು' ಎಂದು ಕಳಿಸುತ್ತಾರೆ. ಹೆಸರು ಹೇಳಿದ ಕೂಡಲೇ ಪ್ಲಂಬರ್ ನೂರು ರೂಪಾಯಿ ಜಾಸ್ತಿ ಕೇಳುತ್ತಾನೆ. ಯಾಕೆ ಅಂದರೆ, ಅವರು ನಿಂತು ನೋಡಲು ಬರುತ್ತಾರಂತೆ.

ಅವರ ಒಂದೇ ದುಃಖ, ಹೊಸಬರು. 'ಎಲ್ಲೆಲ್ಲಿಂದಲೋ ಬಂದು ಬೋರ್ ಕೊರೆಸ್ತಾರೆ ಸಾರ್, ಅಂತರ್ಜಲ ಉಳಿಯುತ್ತಾ?' ಇವರ ಬೋರ್ ಕೊರೆಸಿದ್ದು ಎರಡು ವರ್ಷದ ಹಿಂದೆ; ಆಗ ಅಂತರ್ಜಲಕ್ಕೆ ಅಭ್ಯಂತರವಿರಲಿಲ್ಲ ಎಂದು ಕಾಣುತ್ತದೆ. ಹಳ್ಳಿ ಹಳ್ಳಿಯಾಗಿಯೇ ಇರಬೇಕು ಎಂಬುದು ಅವರ ಹಟ. ಹಟದ ಜೊತೆಗೆ ಡಾಂಬರು ರಸ್ತೆ, ಬೀದಿ ದೀಪ, ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ತಂದುಕೊಡುವ ಹುಡುಗ, ಇಷ್ಟಿದ್ದರೆ ಸಾಕು.

2025ರ ಜುಲೈಯಲ್ಲಿ ನಂದಿಬೆಟ್ಟದ ಮೇಲೆ ಕೂತ ಸಚಿವ ಸಂಪುಟ ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ಬೆಂಗಳೂರು ಉತ್ತರ ಎಂದು ಕರೆಯಲು ತೀರ್ಮಾನಿಸಿದಾಗ ಹಳಬರಿಗೆ ತಡೆಯಲಾಗದ ಸಿಟ್ಟು. 'ಗ್ರಾಮಾಂತರ ಅಂತ ನೋಡಿಯೇ ಅಲ್ವೇ ನಾನು ಬಂದದ್ದು? ಈಗ ಮತ್ತೆ ಬೆಂಗಳೂರಿಗೇ ಸೇರಿಸಿದರಲ್ಲ!' ಸಂಜೆ ಬ್ರೋಕರ್‌ಗೆ ಫೋನು ಮಾಡಿ, ಇದರಿಂದ ಸೈಟಿನ ರೇಟು ಚದರಡಿಗೆ ಎಷ್ಟು ಏರಬಹುದು ಎಂದು ಕೇಳುತ್ತಿದ್ದುದು ನಮ್ಮ ಮಹಡಿಗೂ ಕೇಳಿಸಿತು.

ಆ ಕಡೆ ಮನೆ ಮಾಡುವ ಯೋಚನೆಯಿದ್ದವರು ನೀರಿನ ವಿಚಾರ, ನೆಲದ ವಿಚಾರ ಹಾಲಿನ ಅಮ್ಮನನ್ನು ಕೇಳಿ. ಹಳಬರ ಮನೆಗೆ ಕಾಫಿಗೆ ಹೋಗಿ. ಕಾಫಿ ನಿಜಕ್ಕೂ ಚೆನ್ನಾಗಿರುತ್ತದೆ.