ಹನ್ನೊಂದು ತಿಂಗಳ ಲೀಡ್ ಟೈಮ್

ಐವತ್ತು ದಾಟಿದ ಮೇಲೆ ನನ್ನ ಕೈಗೆ ಪಠ್ಯಪುಸ್ತಕ ಹಿಡಿಸಿದ್ದು ನಮ್ಮ ಕಾರ್ಖಾನೆಯ ಹೊಸ ನಿಯಮ. ವಸಂತನರಸಾಪುರದಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು ಮ್ಯಾನೇಜರ್ ಅನ್ನಿಸಿಕೊಳ್ಳಬೇಕಾದರೆ ಡಿಪ್ಲೊಮಾ ಬೇಕಂತೆ. ದೂರಶಿಕ್ಷಣಕ್ಕೆ ಸೇರಿದೆ. ಮೊದಲ ಪೇಪರ್ರೇ ಆಪರೇಷನ್ಸ್ ಮ್ಯಾನೇಜ್‌ಮೆಂಟ್. ಮಗಳಿಗೆ ಪಿಯುಸಿ, ನನಗೆ ಡಿಪ್ಲೊಮಾ. ಇಬ್ಬರಿಗೂ ಒಂದೇ ಮೇಜು, ಮೇಜಿನ ಮೇಲೆ ಹಕ್ಕು ಮಾತ್ರ ಅವಳದು.

ಪುಸ್ತಕದ ತಿರುಳು ಸರಳ. ಕಚ್ಚಾ ಮಾಲು ಒಳಗೆ ಹೋಗುತ್ತದೆ, ಸರಕು ಹೊರಗೆ ಬರುತ್ತದೆ, ನಡುವೆ ಸುಮ್ಮನೆ ಕಾದು ನಿಂತಿದ್ದೆಲ್ಲ ದಂಡ. ಟೊಯೊಟಾದ ತೈಇಚಿ ಓನೊ ಪಟ್ಟಿ ಮಾಡಿದ ಏಳು ದಂಡಗಳಲ್ಲಿ ಕಾಯುವುದೂ ಒಂದು, ಬೇಡದ ಓಡಾಟವೂ ಒಂದು. ಈ ಪಟ್ಟಿ ಬಾಯಿಪಾಠವಾದ ಮೇಲೆ ನಾನು ಮನೆಯಲ್ಲಿ ಯಾರಿಗೂ ಬೇಡದವನಾದೆ. ಒಗ್ಗರಣೆ ಡಬ್ಬಿ ಒಲೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿರುವುದು ಬೇಡದ ಓಡಾಟವಲ್ಲವೇ ಎಂದು ಕೇಳಿದೆ. ಮನೆಯವಳು ಸೌಟನ್ನು ನನ್ನ ಕೈಗಿಟ್ಟು, "ಹಂಗಾದ್ರೆ ಇವತ್ತಿಂದ ನೀವೇ ಓಡಾಡಿ" ಅಂದಳು.

ಅಲ್ಲಿಗೆ ಅಧ್ಯಯನವನ್ನು ಮನೆಯಿಂದ ಹೊರಗೆ ಸಾಗಿಸಬೇಕಾಯಿತು. ತುಮಕೂರಿನವನಿಗೆ ಹೊರಗೆ ಅಂದರೆ ಕ್ಯಾತ್ಸಂದ್ರ, ಕ್ಯಾತ್ಸಂದ್ರ ಅಂದರೆ ತಟ್ಟೆ ಇಡ್ಲಿ. ಭಾನುವಾರ ಬೆಳಿಗ್ಗೆ ಹೆದ್ದಾರಿಯಲ್ಲಿ ಹೋಗುವ ಬೆಂಗಳೂರಿನವರೆಲ್ಲ ಅಲ್ಲೇ ಇಳಿಯುತ್ತಾರೆ. ಕ್ಯೂಗಳ ಬಗ್ಗೆ ಜಾನ್ ಲಿಟಲ್ ಎಂಬ ಅಮೆರಿಕದ ಪ್ರೊಫೆಸರು 1961ರಲ್ಲಿ ಒಂದು ನಿಯಮವನ್ನು ಸಾಧಿಸಿ ತೋರಿಸಿದ್ದಾರೆ. ನಿಮಿಷಕ್ಕೆ ಎಷ್ಟು ಜನ ಬರುತ್ತಾರೋ ಅದನ್ನು ಒಬ್ಬೊಬ್ಬರು ಒಳಗಿರುವ ನಿಮಿಷಗಳಿಂದ ಗುಣಿಸಿದರೆ ಒಳಗಿರುವ ಜನರ ಲೆಕ್ಕ ಸಿಗುತ್ತದೆ. ನಿಮಿಷಕ್ಕೆ ಮೂವರು ಬರುತ್ತಿದ್ದಾರೆ, ಒಳಗೆ ನಲವತ್ತೈದು ಜನ ಇದ್ದಾರೆ ಅಂದರೆ ನೀವು ಕೈತೊಳೆದು ಹೊರಬರಲು ಹದಿನೈದು ನಿಮಿಷ ಬೇಕು. ಇದನ್ನು ನನ್ನ ಮುಂದೆ ನಿಂತಿದ್ದವರಿಗೆ ವಿವರಿಸಿದೆ. ಅವರು ಜಾಗ ಬಿಟ್ಟುಕೊಟ್ಟು ನನ್ನ ಹಿಂದೆ ಹೋಗಿ ನಿಂತರು. ಲೆಕ್ಕ ಕೇಳಿಸಿಕೊಳ್ಳುವುದಕ್ಕಿಂತ ತಡವಾಗಿ ತಿನ್ನುವುದೇ ವಾಸಿ ಅನ್ನಿಸಿರಬೇಕು.

ಇಡೀ ಕಾರ್ಖಾನೆಯ ವೇಗವೆಂದರೆ ಅದರ ಅತಿ ನಿಧಾನದ ಯಂತ್ರದ ವೇಗ. ಗೋಲ್ಡ್‌ರಾಟ್ ಎಂಬ ಇಸ್ರೇಲಿ 1984ರಲ್ಲಿ ಇಷ್ಟನ್ನು ಹೇಳಲು ಒಂದು ಇಡೀ ಕಾದಂಬರಿಯನ್ನೇ ಬರೆದ. ಇಡ್ಲಿ ಅಂಗಡಿಯಲ್ಲಿ ಆ ಯಂತ್ರ ಸ್ಟೀಮರ್ ಎಂದು ಮೊದಲ ನೋಟಕ್ಕೇ ಪತ್ತೆ ಹಚ್ಚಿ, ಬಿಲ್ ಬರೆಯುತ್ತಿದ್ದವರ ಹತ್ತಿರ ಹೋಗಿ, "ಇನ್ನೊಂದು ಸ್ಟೀಮರ್ ಇಟ್ರೆ ಈ ಕ್ಯೂ ಅರ್ಧಕ್ಕಿಳಿಯುತ್ತೆ" ಎಂದೆ.

"ಇಡಬೌದು ಸಾರ್. ಹಿಟ್ಟು ಎಲ್ಲಿಂದ ತರ್ಲಿ? ರಾತ್ರಿ ರುಬ್ಬಿದ್ದು ಬೆಳಿಗ್ಗೆ ತಾನೇ ಉಬ್ಬಿ ಬರಬೇಕು. ಅದಕ್ಕೆ ಯಾವ ಸ್ವಿಚ್ಚೂ ಇಲ್ಲ."

ಅಡ್ಡ ನಿಂತಿದ್ದದ್ದು ಸ್ಟೀಮರಲ್ಲ, ರಾತ್ರಿ. ಪುಸ್ತಕದ ಸೂಚಿಯಲ್ಲಿ ಹುಡುಕಿದೆ. ರಾತ್ರಿ ಎಂಬ ಪದ ಅಲ್ಲಿರಲಿಲ್ಲ.

ಅಲ್ಲಿಂದ ಹತ್ತಿರದಲ್ಲೇ ಸಿದ್ಧಗಂಗಾ ಮಠ. ಸಾವಿರಾರು ಮಕ್ಕಳು ಅಲ್ಲಿ ಉಂಡು ಓದುತ್ತಾರೆ. ಬಂದ ಭಕ್ತರ ಲೆಕ್ಕ ಬೇರೆ. ಬೇಡಿಕೆಯ ಮುನ್ಸೂಚನೆ ಎಂಬ ನಲವತ್ತು ಪುಟದ ಅಧ್ಯಾಯಕ್ಕೆ ಆ ಅಡುಗೆಮನೆಯಲ್ಲಿ ಕೆಲಸವಿಲ್ಲ, ಬಂದವರಿಗೆಲ್ಲ ಬಡಿಸುವುದು ಎಂಬುದೇ ಅಲ್ಲಿಯ ಮುನ್ಸೂಚನೆ. 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲಷ್ಟೇ ಸುದ್ದಿ ಹೇಳಬೇಕೆಂದು ಅವರು ಮೊದಲೇ ಅಪ್ಪಣೆ ಮಾಡಿದ್ದರೆಂದು ಪತ್ರಿಕೆಗಳಲ್ಲಿ ಬಂದಿತ್ತು. ಯಾವ ಕೆಲಸ ಯಾವುದರ ನಂತರ ಎಂಬ ಅಧ್ಯಾಯವನ್ನು ನಾನು ಓದಿದ್ದೇನೆ. ಅದರಲ್ಲಿರುವ ಉದಾಹರಣೆಗಳೆಲ್ಲ ನಟ್ಟು ಬೋಲ್ಟಿನವು.

ಎಚ್‌ಎಂಟಿ ವಾಚಿನ ಕಾರ್ಖಾನೆಯೂ ನಮ್ಮೂರಲ್ಲಿತ್ತು. ಮದುವೆ ಗಂಡಿಗೆ ಎಚ್‌ಎಂಟಿ ಕಟ್ಟಿಸಲು ಮಾವಂದಿರು ಪರದಾಡುತ್ತಿದ್ದ ಕಾಲವೊಂದಿತ್ತು. ಆಮೇಲೆ ಹೊಸೂರಿನಿಂದ ಟೈಟನ್ ಬಂತು, ಅಳಿಯಂದಿರ ರುಚಿ ಬದಲಾಯಿತು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಇದರಿಂದ ಹತ್ತು ಅಂಕದ ಪ್ರಶ್ನೆ ಖಂಡಿತ ಬರುತ್ತದೆ, ಮುಂದೆ ಹೋಗೋಣ.

ಗುಬ್ಬಿಯ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಶುರುವಿನ ಗುರಿ ವರ್ಷಕ್ಕೆ ಮೂವತ್ತು, ಅಂದರೆ ಹನ್ನೆರಡು ದಿನಕ್ಕೊಂದು ಹೆಲಿಕಾಪ್ಟರು. ಗುಬ್ಬಿಯ ಹಳೆಯ ಕಾರ್ಖಾನೆಯದು ಇನ್ನೂ ಬಿರುಸು, ದಿನ ಬೆಳಗಾದರೆ, ಅಲ್ಲಲ್ಲ, ದಿನ ಕತ್ತಲಾದರೆ ಒಂದು ಕುರುಕ್ಷೇತ್ರ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ವೀರಣ್ಣನವರು ಎಂಥ ಎತ್ತರಕ್ಕೆ ಒಯ್ದರೆಂದರೆ ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬಂದವು. ನನ್ನ ತಲೆ ಕೆಡಿಸಿದ್ದು ಆ ಆನೆ. ತನ್ನ ಸರದಿ ಬರುವ ತನಕ ಪರದೆಯ ಪಕ್ಕದಲ್ಲಿ ನಿಂತಿರುವ ಆನೆ ಪುಸ್ತಕದ ಪ್ರಕಾರ ದಂಡದ ದಾಸ್ತಾನು, ಅದೂ ದಿನವಿಡೀ ಮೇಯುವ ದಾಸ್ತಾನು. ಜಸ್ಟ್ ಇನ್ ಟೈಮ್ ಪದ್ಧತಿಯಂತೆ ಕೌರವ ಶಂಖ ಊದುವ ಹೊತ್ತಿಗೆ ಸರಿಯಾಗಿ ಅದು ಊರ ಹೊರಗಿನಿಂದ ಬಂದಿಳಿಯಬೇಕು. ನಡುವೆ ರೈಲ್ವೆ ಗೇಟು ಹಾಕಿಬಿಟ್ಟರೆ? ಭೀಮ ಎಷ್ಟು ಹೊತ್ತು ಅಂತ ಗದೆ ತಿರುಗಿಸಿಯಾನು? ಮ್ಯಾನೇಜರ್ ಆಗಿ ನಾನಿದ್ದಿದ್ದರೂ ಆನೆಯನ್ನು ಪಕ್ಕದಲ್ಲೇ ಕಟ್ಟಿಸುತ್ತಿದ್ದೆ. ಓನೊ ಬೈದುಕೊಳ್ಳಲಿ.

ಕುಣಿಗಲ್‌ನಲ್ಲಿ ನಮಗೆ ದೂರದ ನೆಂಟರೊಬ್ಬರಿದ್ದಾರೆ. ಟಿಪ್ಪುವಿನ ಕಾಲದಿಂದ ಹೆಸರಾದ ಅಲ್ಲಿಯ ಕುದುರೆ ಫಾರಂನಲ್ಲಿ ದುಡಿದು ನಿವೃತ್ತರಾದವರು. ಲೀಡ್ ಟೈಮ್ ಅಂದರೆ ಬೇಕು ಅಂದ ಗಳಿಗೆಯಿಂದ ಕೈಗೆ ಸಿಗುವ ತನಕದ ಸಮಯ; ಅದನ್ನು ಇಳಿಸುವ ಉಪಾಯಗಳ ಅಧ್ಯಾಯ ಅವರ ಜಗಲಿಯ ಮೇಲೆ ನಡೆಯಿತು.

"ಕುದುರೆ ಗಬ್ಬ ಹನ್ನೊಂದು ತಿಂಗಳು ಕಣಪ್ಪ. ಇಳಿಸು ನೋಡೋಣ."

ಕೃತಕ ಗರ್ಭಧಾರಣೆಯಿಂದ ಉತ್ಪಾದನೆಯನ್ನಾದರೂ ಹೆಚ್ಚಿಸಬಹುದಲ್ಲ ಎಂದೆ. ಥರೋಬ್ರೆಡ್ ರೇಸ್ ಕುದುರೆಗೆ ಅದು ನಿಷಿದ್ಧವಂತೆ; ಹಾಗೆ ಹುಟ್ಟಿದ ಮರಿಗೆ ವಂಶಾವಳಿಯ ಪುಸ್ತಕದಲ್ಲಿ ಜಾಗವೇ ಇಲ್ಲವಂತೆ. ಇನ್ನೂ ಒಂದು ವಿಷಯ ಹೇಳಿದರು. ನಮ್ಮ ದೇಶದಲ್ಲಿ ರೇಸ್ ಕುದುರೆಗಳಿಗೆಲ್ಲ ಜನವರಿ ಒಂದೇ ಹುಟ್ಟುಹಬ್ಬ. ಡಿಸೆಂಬರ್ 31ರ ರಾತ್ರಿ ಹುಟ್ಟಿದ ಮರಿಗೆ ಬೆಳಗಾಗುವಷ್ಟರಲ್ಲಿ ದಾಖಲೆಯಲ್ಲಿ ಒಂದು ವರ್ಷ ತುಂಬಿರುತ್ತದೆ. ಪಾಪ, ಹಾಲು ಕುಡಿಯಲು ಕಲಿಯುವ ಮೊದಲೇ ಅದು ಹಿರಿಯರ ಸಾಲಿಗೆ ಸೇರುತ್ತದೆ. ಅದಕ್ಕೇ ಮರಿಗಳು ಹೊಸವರ್ಷ ಕಳೆದ ಮೇಲೆ, ಆದಷ್ಟು ಬೇಗ ಹುಟ್ಟುವಂತೆ ಹನ್ನೊಂದು ತಿಂಗಳು ಮೊದಲೇ ಲೆಕ್ಕ ಹಾಕುತ್ತಾರೆ. "ಬೇಗ ಆಗಬಾರದು, ತಡವೂ ಆಗಬಾರದು. ನಿಮ್ ಕಂಪನೀಲಿ ಲಾರಿ ಹಿಂಗೆ ಬರುತ್ತಾ?" ಎಂದು ಕೇಳಿದರು. ನಮ್ಮ ಕಂಪನಿಗೆ ಲಾರಿ ಬರುವ ರೀತಿ ನೆನಪಾಗಿ ಕಾಫಿ ಕುಡಿದೆ.

ಪರೀಕ್ಷೆಯಲ್ಲಿ ಐದನೆಯ ಪ್ರಶ್ನೆ: ಲೀಡ್ ಟೈಮ್ ಕಡಿಮೆ ಮಾಡುವ ವಿಧಾನಗಳನ್ನು ಉದಾಹರಣೆಯೊಂದಿಗೆ ವಿವರಿಸಿ. ಇಡ್ಲಿ ಹಿಟ್ಟು, ಆನೆ, ಗಬ್ಬದ ಕುದುರೆ, ಮೂರನ್ನೂ ಬರೆದೆ. ಕಡಿಮೆ ಮಾಡಲಾಗದ್ದೂ ಇದೆ, ಅದನ್ನು ಮೊದಲು ಗುರುತಿಸಿ ಉಳಿದದ್ದನ್ನು ಅದರ ಸುತ್ತ ಹೊಂದಿಸಬೇಕು ಎಂದು ಅಡಿಗೆರೆಯನ್ನೂ ಎಳೆದೆ. ಹತ್ತಕ್ಕೆ ಮೂರು ಬಂತು. ಮಗಳು ಲೆಕ್ಕ ಹಾಕಿ ಪ್ರಾಣಿಗೆ ಒಂದೊಂದು ಎಂದಳು. ಇಡ್ಲಿ ಹಿಟ್ಟು ಪ್ರಾಣಿಯಲ್ಲವೆಂದು ನಾನು ವಾದಿಸಿದೆ. ರಾತ್ರಿಯೆಲ್ಲ ಉಸಿರಾಡುತ್ತಲ್ಲ ಎಂದು ಅವಳು ತನ್ನ ಜೀವಶಾಸ್ತ್ರದ ಪುಸ್ತಕವನ್ನು ಮೇಜಿನ ನನ್ನ ಕಡೆಗೆ ತಳ್ಳಿದಳು.